ಕಾಓರ್ 2001: ಎರಡನೇ ಬಾಟಲಿ ತೆಗೆದೆ

ಅಕ್ಟೋಬರ್ 12

ಮೊದಲು ಸೋಲಿನ ವರದಿ. ಫ್ರಾನ್ಸಿನ ತುಲೂಸ್‌ನಲ್ಲಿ ನಮ್ಮ ಕೆಳಗಿನ ಮನೆಯ ಅಜ್ಜ ಮನೆ ಖಾಲಿ ಮಾಡುವಾಗ ನೆಲಮಾಳಿಗೆಯಲ್ಲಿದ್ದ 2001ರ 3 ಬಾಟಲಿ ಕಾಓರ್ ಕೆಂಪು ವೈನ್ ನನಗೆ 40 ಯೂರೋಗೆ ಕೊಟ್ಟರು. ಅದರಲ್ಲಿ ಒಂದು ಹಾಳಾಯಿತು. ಹಾಳು ಮಾಡಿದ್ದು ನಾನೇ.

ಇಷ್ಟು ವರ್ಷ ಮಲಗಿದ್ದ ಬಾಟಲಿಯನ್ನು ಚೀಲಕ್ಕೆ ಹಾಕಿ ಮೂರು ಮಹಡಿ ಹತ್ತಿದೆ. ಅದೇ ಸಂಜೆ ಸುರುಳಿ ಓಪನರ್ ಚುಚ್ಚಿದೆ. ಕಾರ್ಕ್ ಅರ್ಧಕ್ಕೆ ಮುರಿದು, ಉಳಿದರ್ಧ ಪುಡಿಪುಡಿಯಾಗಿ ಒಳಗೆ ಬಿತ್ತು. ಟೀ ಸೋಸುವ ಜರಡಿಯಲ್ಲಿ ಸೋಸಿದೆ. ಕಾರ್ಕ್ ಚೂರು ನಿಂತಿತು, ಗಷ್ಟು ನಿಲ್ಲಲಿಲ್ಲ. ಕುಡಿದರೆ ಕಹಿ ಕೆಸರು. ಸಾಲದ್ದಕ್ಕೆ ಊಟಕ್ಕೆ ಹಸಿಮೆಣಸು ಜಾಸ್ತಿಯಾದ ಚಿತ್ರಾನ್ನ.

2001 ನಾನು ಎಸ್ಸೆಸ್ಸೆಲ್ಸಿ ಬರೆದ ವರ್ಷ. ಅಷ್ಟು ಕಾಲದ ವೈನ್ ಸಿಂಕ್ ಪಾಲಾಯಿತು.

ಅಕ್ಟೋಬರ್ 26

ಗಷ್ಟು ಎಲ್ಲಿಂದ ಬರುತ್ತದೆ ಅಂತ ಓದಿಕೊಂಡೆ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ವೈನಿಗೆ ಟ್ಯಾನಿನ್ ಇಳಿಯುತ್ತದೆ. ಅದು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡಾಗ ಬಾಯಿ ಒಣಗಿ ನಾಲಿಗೆ ಒರಟಾಗುತ್ತದೆ. ಇದಕ್ಕೆ ದೊಡ್ಡ ವಿವರಣೆ ಯಾಕೆ? ನಮ್ಮ ಕಡೆ ಅದು ಒಗರು. ನೇರಳೆ ಹಣ್ಣು ತಿಂದವರಿಗೆ, ಅಡಿಕೆ ಜಗಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ವರ್ಷಗಳು ಕಳೆದ ಹಾಗೆ ಈ ಟ್ಯಾನಿನ್ ಮತ್ತು ಬಣ್ಣ ಒಂದಕ್ಕೊಂದು ಕೂಡಿಕೊಂಡು ದಪ್ಪವಾಗಿ, ಒಂದಷ್ಟು ತಳಕ್ಕೆ ಇಳಿಯುತ್ತವೆ. ಅಂದರೆ ವೈನ್ ಇಷ್ಟು ವರ್ಷದಲ್ಲಿ ತಾನಾಗಿ ಇಳಿಸಿಟ್ಟದ್ದನ್ನೆಲ್ಲ ನಾನು ಕುಲುಕಿ, ವಾಪಸ್ ಬೆರೆಸಿ ಕುಡಿದಿದ್ದೆ.

ಕಾಓರ್ ಇಲ್ಲಿಂದ ಉತ್ತರಕ್ಕೆ ನೂರು ಚಿಲ್ಲರೆ ಕಿಲೋಮೀಟರ್. ಲಾಟ್ ನದಿ ಹಾವಿನ ಹಾಗೆ ಸುತ್ತಿಕೊಂಡು ಹೋಗುವ ಜಾಗ. ಮುಖ್ಯ ದ್ರಾಕ್ಷಿ ಮಾಲ್ಬೆಕ್. ಅರ್ಜೆಂಟೀನಾದಿಂದ ಹೆಸರಾಗಿದ್ದರೂ ಅದು ಈ ಕಡೆಯದೇ. ಕಾಓರ್ ಅಂತ ಲೇಬಲ್ ಹಾಕಲು ಕನಿಷ್ಠ 70% ಮಾಲ್ಬೆಕ್ ಇರಬೇಕು, ಉಳಿದದ್ದು ಮೆರ್ಲೋ, ತನ್ನಾ. 1956ರ ಫೆಬ್ರುವರಿಯ ಹಿಮಕ್ಕೆ ಬಳ್ಳಿಗಳು ಸತ್ತು, ತೋಟಗಳನ್ನು ಹೆಚ್ಚುಕಡಿಮೆ ಹೊಸದಾಗಿ ಎಬ್ಬಿಸಬೇಕಾಯಿತು. ಎಒಸಿ, ಅಂದರೆ ಇಂಥ ಊರಿನದೇ ವೈನ್ ಅನ್ನುವ ಫ್ರಾನ್ಸಿನ ಅಧಿಕೃತ ಮಾನ್ಯತೆ, ಸಿಕ್ಕಿದ್ದು 1971ರಲ್ಲಿ. ಹಿಂದಿನ ಕಾಲದಲ್ಲಿ ಇದನ್ನು ಕಪ್ಪು ವೈನ್ ಅನ್ನುತ್ತಿದ್ದರು. ಬಣ್ಣ ಗಾಢವಾಗಲಿ ಅಂತ ರಸದ ಒಂದು ಭಾಗ ಕುದಿಸಿ ಬೆರೆಸುತ್ತಿದ್ದರಂತೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಎರಡನೇ ಬಾಟಲಿಯನ್ನು ಅಡುಗೆಮನೆ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದ್ದೇನೆ. ಒಂದು ವಾರ ಯಾರೂ ಮುಟ್ಟುವಂತಿಲ್ಲ.

ನವೆಂಬರ್ 2

ಈ ಸಲ ಸಹೋದ್ಯೋಗಿಯೊಬ್ಬರಿಂದ ಬಿಲಾಮ್ ತಂದಿದ್ದೆ. ಸುರುಳಿ ಇಲ್ಲದ, ಎರಡು ತೆಳು ಪಟ್ಟಿಯ ಓಪನರ್. ಉದ್ದದ ಪಟ್ಟಿಯನ್ನು ಮೊದಲು ಕಾರ್ಕ್ ಮತ್ತು ಗಾಜಿನ ನಡುವೆ ತೂರಿಸಿದೆ, ಆಮೇಲೆ ಗಿಡ್ಡದ್ದನ್ನು. ಆಚೆ ಈಚೆ ಅಲ್ಲಾಡಿಸುತ್ತಾ ಕೂದಲೆಳೆಯಷ್ಟೇ ಒಳಗೆ ಇಳಿಸಬೇಕು. ಜೋರು ಮಾಡಿದರೆ ಕಾರ್ಕ್ ಕೆಳಗೆ ಬೀಳುತ್ತದೆ. ಪೂರ್ತಿ ಇಳಿದ ಮೇಲೆ ತಿರುವುತ್ತಾ ಮೇಲಕ್ಕೆ ಎಳೆದೆ. ಇಡಿಯಾಗಿ ಬಂತು! ತುದಿ ಕಪ್ಪಗೆ ನೆಂದಿತ್ತು, ಮೇಲಿನ ಅರ್ಧ ಒಣಗಿತ್ತು.

ಕತ್ತಿನ ಕೆಳಗೆ ಮೊಬೈಲ್ ಟಾರ್ಚ್ ಹಿಡಿದು ಒಂದೇ ಸಮನೆ ಜಗ್ಗಿಗೆ ಬಗ್ಗಿಸಿದೆ. ಕೊನೆಗೆ ಹೊಗೆಯ ಎಳೆಯ ಹಾಗೆ ಗಷ್ಟು ಬಾಟಲಿಯ ಭುಜಕ್ಕೆ ಬಂತು. ಅಲ್ಲಿಗೆ ನಿಲ್ಲಿಸಿದೆ. ಎರಡು ಬೆರಳಿನಷ್ಟು ವೈನ್ ಬಿಡಬೇಕಾಯಿತು. ಹೊಟ್ಟೆ ಉರಿಯಿತು, ಆದರೂ ಬಿಟ್ಟೆ.

7:10. ಗ್ಲಾಸಿನ ನಡುವೆ ಇನ್ನೂ ಕಪ್ಪು. ಅಂಚಿನಲ್ಲಿ ಹಳೆ ಮಂಗಳೂರು ಹೆಂಚಿನ ಬಣ್ಣ. ಮೂಸಿದರೆ ಮುಚ್ಚಿಟ್ಟ ಟ್ರಂಕು. ಎದೆ ಧಸಕ್ ಅಂತು. ಕಾರ್ಕ್ ಕೆಟ್ಟ ವೈನ್ ಒದ್ದೆ ರಟ್ಟಿನ ವಾಸನೆ ಹೊಡೆಯುತ್ತದೆ, ಗಾಳಿಯಾಡಿದರೂ ಅದು ಹೋಗುವುದಿಲ್ಲ.

7:30. ಹೋಯಿತು! ಒಣದ್ರಾಕ್ಷಿ, ಚರ್ಮದ ಚಪ್ಪಲಿ, ಅಣಬೆ. ಇಲ್ಲಿಯವರು ಇದನ್ನು ಸು-ಬುವಾ ಅನ್ನುತ್ತಾರೆ, ಕಾಡಿನ ನೆಲದ ವಾಸನೆ. ನನಗೆ ಅದು ಮಳೆ ಬಿಟ್ಟ ಮೇಲೆ ಕಾಲಡಿ ಮೆತ್ತಗಾಗುವ ದರಗು.

7:50. ಇನ್ನೊಂದು ವಾಸನೆ ಇತ್ತು. ಗೊತ್ತಿರುವುದೇ, ಹೆಸರು ಸಿಗುತ್ತಿಲ್ಲ. ಗ್ಲಾಸ್ ಕೆಳಗಿಟ್ಟು, ಬಾಲ್ಕನಿಗೆ ಹೋಗಿ ಬಂದು ಮತ್ತೆ ಮೂಸಿದೆ. ಚೊಗರು! ಸಾಗರದ ಮನೆಯಲ್ಲಿ ಸುಲಿದ ಅಡಿಕೆ ಬೇಯಿಸುವ ಹಂಡೆ, ಅದರ ಕೆಂಗಪ್ಪು ನೀರು, ಒಲೆಯ ಹೊಗೆ. ಕುದಿಸಿದ ಕಪ್ಪು ವೈನ್ ಅಂದಾಗಲೇ ತಲೆಗೆ ಹೊಳೆಯಬೇಕಿತ್ತು ಅಲ್ವಾ? ಈ ಬಾಟಲಿಯ ರಸ ಯಾರೂ ಕುದಿಸಿರಲಿಕ್ಕಿಲ್ಲ, ಅದು ಹಳೇ ಕಥೆ. ಆದರೂ ಮೂಗು ಅಲ್ಲಿಗೇ ಹೋಯಿತು.

ಬಾಯಲ್ಲಿ ಮೊದಲು ಹುಳಿ, ಆಮೇಲೆ ಒಣಗಿದ ಹಣ್ಣು, ಕೊನೆಗೆ ಒಗರು. ಹೊಸ ಕಾಓರ್ ಕುಡಿದಾಗ ವಸಡು ಹಿಡಿದುಕೊಳ್ಳುತ್ತದೆ. ಇದು ಹಾಗಲ್ಲ. ಹಸಿ ಅಡಿಕೆಗೂ ಬೇಯಿಸಿದ ಕೆಂಪಡಿಕೆಗೂ ಇರುವಷ್ಟು ವ್ಯತ್ಯಾಸ. ಜೊತೆಗೆ ರೊಕಮದೂರ್ ಆಡಿನ ಚೀಸ್, ಅಕ್ರೋಟಿನ ಬ್ರೆಡ್ಡು. ಅಷ್ಟೇ ಸಾಕು. ಮೆಣಸಿನಕಾಯಿ ಡಬ್ಬಿ ಕಪಾಟಿನಿಂದ ಹೊರಗೆ ಬರಲಿಲ್ಲ.

9:30ರ ಹೊತ್ತಿಗೆ ಹಣ್ಣು ಮಾಯ, ಹುಳಿ ಮಾತ್ರ ಎದ್ದು ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ಈ ವೈನ್ ಐದಾರು ವರ್ಷ ಮೊದಲೇ ಕುಡಿಯಬೇಕಿತ್ತು. ಹಳೆಯದೆಲ್ಲ ಒಳ್ಳೆಯದು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. 7:50ರಿಂದ 8:40ರವರೆಗೆ ಮಾತ್ರ ಅದ್ಭುತ.

ನವೆಂಬರ್ 3

ಮೂರನೇ ಬಾಟಲಿಯಲ್ಲಿ ವೈನಿನ ಮಟ್ಟ ಭುಜಕ್ಕೆ ಇಳಿದಿದೆ. ಒಳಗೆ ಗಾಳಿ ಜಾಸ್ತಿ ಹೋಗಿದೆ ಅಂತ ಅರ್ಥ. ಜಾಸ್ತಿ ದಿನ ಕಾಯುವ ಹಾಗಿಲ್ಲ. ಆದರೆ ಅಪ್ಪ ಮಾರ್ಚ್‌ನಲ್ಲಿ ಬರುತ್ತಾರೆ. ಕುಡಿಯುವುದಿಲ್ಲ, ಮೂಸಿ ನೋಡಲು ಒಪ್ಪಿದ್ದಾರೆ. ಐವತ್ತು ವರ್ಷ ಅಡಿಕೆ ಬೇಯಿಸಿದ ಮೂಗು ಏನು ಹೇಳುತ್ತದೋ ನನಗೆ ಕೇಳಬೇಕು. ನಿನ್ನೆ ಫೋನಿನಲ್ಲಿ ವಿಷಯ ಹೇಳಿದೆ. ಕೊಯ್ಲಿನ ಗಡಿಬಿಡಿಯಲ್ಲಿದ್ದರು.

"ಹೋಲಿಸಿ ನೋಡೋಕೆ ಒಂದು ಸಣ್ಣ ಬಾಟಲಿ ಚೊಗರು ತರಲೇನೋ?" ಅಂದರು.

ತನ್ನಿ ಅಂದುಬಿಟ್ಟೆ. ಸೂಟ್‌ಕೇಸಿನಲ್ಲಿ ಸೋರಿದರೆ ಅವರ ಬಿಳಿ ಪಂಚೆಗಳ ಗತಿ ಏನು ಅಂತ ಆಮೇಲೆ ಹೊಳೆಯಿತು.