ನಾವು ಶಾಲೆಗೆ ಹೋಗದ ದಿನವೂ ಪಾಠ ನಡೆಯಬೇಕು

ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಡಿ ಬಿ.ಐ.ಇ.ಆರ್.ಟಿ. ಆಗಿ, ಅಂದರೆ ಶಾಲೆಯಿಂದ ಶಾಲೆಗೆ ಹೋಗಿ ವಿಕಲಚೇತನ ಮಕ್ಕಳಿಗೆ ಕಲಿಸುವ ಸಂಪನ್ಮೂಲ ಶಿಕ್ಷಕರಾಗಿ, ಕೆಲಸಕ್ಕೆ ಸೇರಿದವರಿಗೆ ಮೊದಲ ವಾರದಲ್ಲೇ ಲೆಕ್ಕ ಅರ್ಥವಾಗುತ್ತದೆ. ಮಕ್ಕಳು ಹತ್ತಾರು ಶಾಲೆಗಳಲ್ಲಿ ಹಂಚಿಹೋಗಿದ್ದಾರೆ, ನಾವಿರುವುದು ಕೆಲವೇ ಮಂದಿ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಹಳ್ಳಿ ಶಾಲೆಗಳ ಮಟ್ಟಿಗೆ ಆ ದಿನ ಇನ್ನೂ ದೂರವಿದೆ. ಒಂದು ಮಗುವನ್ನು ವಾರಕ್ಕೊಮ್ಮೆ ನೋಡಿದರೆ ಅದೇ ಹೆಚ್ಚು. ಹೋದ ದಿನ ಮಗುವನ್ನು ಮೂಲೆಯಲ್ಲಿ ಕೂರಿಸಿಕೊಂಡು ಒಂದು ಗಂಟೆ ಕಲಿಸಿ ಬಂದರೆ, ವಾರದ ಉಳಿದ ದಿನವೆಲ್ಲ ಅದು ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತದೆ. ತರಗತಿ ಶಿಕ್ಷಕರ ಕೈಗೆ ಏನು ಕೊಟ್ಟು ಬರುತ್ತೇವೆ ಎನ್ನುವುದೇ ಈ ಕೆಲಸದ ಜೀವ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಹೆಸರಿಸುತ್ತದೆ. ಅಷ್ಟೂ ಬಾಯಿಗೆ ಬಂದರೂ ಮಗುವಿನ ಹಣೆಗೆ ಒಂದನ್ನು ಅಂಟಿಸುವ ಅಧಿಕಾರ ನಮಗಿಲ್ಲ. ಗುರುತಿಸಿ ಕಳಿಸುವುದು ನಮ್ಮ ಕೆಲಸ, ಪ್ರಮಾಣಪತ್ರ ಕೊಡುವುದು ವೈದ್ಯರ ಕೆಲಸ. "ಇವನಿಗೆ ಏನೂ ಹತ್ತಲ್ಲ ಮೇಡಂ, ನಿಮ್ಮ ಪಟ್ಟಿಗೆ ಸೇರಿಸ್ಕೊಳ್ಳಿ" ಎಂದು ಮೇಷ್ಟ್ರು ತೋರಿಸುವ ಮಗುವಿನ ಕಣ್ಣು, ಕಿವಿ ಮೊದಲು ನೋಡಿ. 6 ಮೀಟರ್ ದೂರದಲ್ಲಿ ಇ ಚಾರ್ಟು (ಬೇರೆ ಬೇರೆ ದಿಕ್ಕಿಗೆ ತಿರುಗಿದ E ಅಕ್ಷರಗಳ ಪಟ) ತೂಗುಹಾಕಿ ಒಂದೊಂದೇ ಕಣ್ಣು ಮುಚ್ಚಿಸಿ, ಅಕ್ಷರ ಯಾವ ಕಡೆ ತಿರುಗಿದೆ ಎಂದು ಕೇಳಿ. ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯಿರಿ. ಕಿವಿ ಸೋರುತ್ತದೆಯೇ, ನೆಗಡಿಯಾದಾಗ ಮಂದವಾಗುತ್ತದೆಯೇ ಎಂದು ತಾಯಿಯನ್ನು ವಿಚಾರಿಸಿ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗು ಒಂದನೇ ತರಗತಿಯಲ್ಲಿ ಕನ್ನಡಕ್ಕೆ ತಡವರಿಸುವುದು ವಿಕಲತೆಯಲ್ಲ. ಕನ್ನಡಕದಿಂದ ಸರಿಹೋಗುವ ಮಗು ಒಮ್ಮೆ ತಪ್ಪು ಪಟ್ಟಿಗೆ ಸೇರಿತೆಂದರೆ, ಅದರ ಹೆಸರು ತೆಗೆಸಲು ಯಾರೂ ಮತ್ತೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಕಿವಿ ಮಷೀನಿನ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯಬೇಕು, ಏಕೆಂದರೆ ಶಿಬಿರದಲ್ಲಿ ಕೊಟ್ಟ ಮಷೀನು ಕೆಲವೇ ತಿಂಗಳಲ್ಲಿ ಮನೆಯ ಟ್ರಂಕು ಸೇರುವುದು ತೀರಾ ಸಾಮಾನ್ಯ. ಕಾರಣಗಳು ಸಣ್ಣವು. ಕಿವಿಯೊಳಗೆ ಕೂರುವ ಅಚ್ಚು, ಅಂದರೆ ಇಯರ್ ಮೋಲ್ಡು, ಸಡಿಲವಾದರೆ ಮಷೀನು ಕುಂಯ್ ಎಂದು ಸಿಳ್ಳೆ ಹಾಕುತ್ತದೆ, ಪಕ್ಕದ ಮಕ್ಕಳು ನಗುತ್ತಾರೆ, ಮಗು ಕಿತ್ತಿಡುತ್ತದೆ. ಬೆಳೆಯುವ ಮಗುವಿನ ಕಿವಿಯೂ ಬೆಳೆಯುತ್ತದೆ, ಆದ್ದರಿಂದ ಮೋಲ್ಡನ್ನು ಆಗಾಗ ಹೊಸದಾಗಿ ಮಾಡಿಸಲೇಬೇಕು. ಬಟನ್ ಸೆಲ್ಲಿನ ಮೇಲಿನ ಸ್ಟಿಕರ್ ಕಿತ್ತ ಗಳಿಗೆಯಿಂದ ಒಳಗೆ ಗಾಳಿ ಹೋಗಿ ಅದು ಖರ್ಚಾಗತೊಡಗುತ್ತದೆ. ಮತ್ತೆ ಸ್ಟಿಕರ್ ಹಚ್ಚಿದರೆ ಉಳಿಯುವುದಿಲ್ಲ. ಕಿತ್ತ ಮೇಲೆ ಒಂದು ನಿಮಿಷ ಬಿಟ್ಟು ಹಾಕಬೇಕು. ರಾತ್ರಿ ಸೆಲ್ಲಿನ ಬಾಗಿಲು ತೆರೆದು ಡಬ್ಬಿಯಲ್ಲಿಡಬೇಕು, ಮಳೆಗಾಲದಲ್ಲಿ ಜೊತೆಗೆ ತೇವ ಹೀರುವ ಸಿಲಿಕಾ ಪೊಟ್ಟಣ.

ಮಷೀನು ಸರಿಯಾಗಿ ಕೇಳಿಸುತ್ತಿದೆಯೇ ಎಂದು ನೋಡಲು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ತರಗತಿ ಶಿಕ್ಷಕರು ಎರಡು ನಿಮಿಷ ಕೊಟ್ಟರೆ ಸಾಕು. ಮಗುವಿನ ಹಿಂದೆ ಒಂದು ಮೀಟರ್ ದೂರದಲ್ಲಿ ನಿಂತು ಮ್, ಊ, ಆ, ಈ, ಶ್, ಸ್ ಎಂಬ ಆರು ಸದ್ದು ಮಾಡಬೇಕು. ಸದ್ದು ಕೇಳಿದಾಗೊಮ್ಮೆ ಮಗು ಒಂದು ಹುಣಸೆಬೀಜ ಬಟ್ಟಲಿಗೆ ಹಾಕಬೇಕು. ಸದ್ದುಗಳ ನಡುವಿನ ಬಿಡುವು ಒಂದೇ ಸಮ ಇರಬಾರದು. ಇದ್ದರೆ ಮಗು ತಾಳ ಹಿಡಿದು ಬೀಜ ಹಾಕುತ್ತದೆ. ನಿನ್ನೆ ಆರೂ ಕೇಳಿದ ಮಗುವಿಗೆ ಇವತ್ತು ಒಂದೂ ಕೇಳದಿದ್ದರೆ ಮೊದಲು ಸೆಲ್ಲು ಬದಲಿಸಿ, ಆಮೇಲೆ ಮೋಲ್ಡಿನಲ್ಲಿ ಗುಗ್ಗೆ, ಕೊಳವೆಯಲ್ಲಿ ನೀರಹನಿ ಇದೆಯೇ ನೋಡಿ. ಅಷ್ಟಾದರೂ ಸರಿಹೋಗದಿದ್ದರೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರ) ಹತ್ತಿರ ಕಳಿಸಿ. ಇದರ ಜೊತೆಗೆ ಶಿಕ್ಷಕರಿಗೆ ಹೇಳಲೇಬೇಕಾದ ಮಾತೊಂದಿದೆ: ಹಲಗೆಯ ಕಡೆ ತಿರುಗಿ ಬರೆಯುತ್ತಾ ಪಾಠ ಹೇಳಬೇಡಿ. ಬರೆದು, ತಿರುಗಿ, ಆಮೇಲೆ ಹೇಳಿ.

ವೈಯಕ್ತಿಕ ಶೈಕ್ಷಣಿಕ ಯೋಜನೆಯ ನಮೂನೆ ಎಲ್ಲರೂ ತುಂಬುತ್ತಾರೆ. "ಓದುವ ಕೌಶಲ ಬೆಳೆಸುವುದು" ಎಂದು ಬರೆದ ಯೋಜನೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. "ಒತ್ತಕ್ಷರವಿಲ್ಲದ 10 ಮಿಂಚುಪಟ್ಟಿಗಳಲ್ಲಿ (ಪದ ಬರೆದ ಕಾರ್ಡು) 8ನ್ನು ಸಹಾಯವಿಲ್ಲದೆ, ಸತತ 3 ದಿನ ಓದುವುದು" ಎಂದು ಬರೆದರೆ ಯಾವ ಶಿಕ್ಷಕರಾದರೂ ಪರೀಕ್ಷಿಸಬಹುದು. ಮೂರು ತಿಂಗಳಿಗೆ ಇಂಥ ಎರಡು ಮೂರು ಗುರಿ ಸಾಕು, ಹತ್ತು ಬರೆದರೆ ಹತ್ತೂ ಅರ್ಧಕ್ಕೇ ನಿಲ್ಲುತ್ತವೆ. ಓದಿನಲ್ಲಿ ಎಡವುವ ಮಗುವಿಗೆ ಪ, ಫ, ಷ ಅಥವಾ ದ, ಧ ಒಟ್ಟಿಗೆ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ವಾರಗಳ ಅಂತರದಲ್ಲಿ ಇನ್ನೊಂದು.

ಬೌದ್ಧಿಕ ವಿಕಲತೆಯ ಮಗುವಿಗೆ ಬಿಸಿಯೂಟದ ಹೊತ್ತೇ ಒಳ್ಳೆಯ ಪಾಠದ ಹೊತ್ತು. ಕೈ ತೊಳೆಯುವುದನ್ನು ಏಳು ಹೆಜ್ಜೆ ಮಾಡಿ: ನಲ್ಲಿ ತಿರುಗಿಸು, ಕೈ ನೆನೆಸು, ಸೋಪು ಹಚ್ಚು, ಉಜ್ಜು, ತೊಳೆ, ನಲ್ಲಿ ನಿಲ್ಲಿಸು, ಒರೆಸಿಕೋ. ಆರು ಹೆಜ್ಜೆಗೆ ನೀವು ಕೈ ಹಿಡಿಯಿರಿ, ಕೊನೆಯದನ್ನು ಮಗುವೇ ಮಾಡಲಿ. ಸತತ ಮೂರು ದಿನ ತಾನೇ ಮಾಡಿತೆಂದರೆ ಕೊನೆಯ ಎರಡು ಹೆಜ್ಜೆ ಅದಕ್ಕೆ ಬಿಡಿ. ಹೀಗೆ ಹಿಂದಿನಿಂದ ಮುಂದಕ್ಕೆ ಬಂದರೆ ಮೊದಲ ದಿನದಿಂದಲೇ ಕೆಲಸ ಮುಗಿಸಿದ ಖುಷಿ ಮಗುವಿನದಾಗುತ್ತದೆ. ಇದು ಕೆಡುವುದು ಹೆಚ್ಚಾಗಿ ಪ್ರೀತಿಯಿಂದ. ಅಡುಗೆಯವರೋ ಗೆಳತಿಯರೋ ಬಂದು ಏಳೂ ಹೆಜ್ಜೆ ಮಾಡಿಕೊಟ್ಟುಬಿಡುತ್ತಾರೆ. ಅವರನ್ನೂ ಕರೆದು ಯಾವ ಹೆಜ್ಜೆ ಮುಟ್ಟಬಾರದೆಂದು ತೋರಿಸಿ.

ರ‍್ಯಾಂಪು ಒಂದು ಅಡಿ ಏರಕ್ಕೆ 12 ಅಡಿ ಉದ್ದ ಇರಬೇಕು. ಕಟ್ಟುವ ಮುಂಚೆಯೇ ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹೇಳಿ. ಕಡಿದಾಗಿ ಕಟ್ಟಿದ ರ‍್ಯಾಂಪಿನ ಮೇಲೆ ಗಾಲಿಕುರ್ಚಿ ಹಿಂದಕ್ಕೆ ಜಾರುತ್ತದೆ. ವಿಕಲಚೇತನ ಹೆಣ್ಣುಮಕ್ಕಳಿಗೆ ಬರುವ ತಿಂಗಳಿಗೆ 200 ರೂಪಾಯಿ ಪ್ರೋತ್ಸಾಹಧನ ಖಾತೆಗೆ ಆಧಾರ್ ಜೋಡಣೆಯಾಗದೆ ನಿಂತಿದೆಯೇ ಎಂದು ಶಾಲೆ ಶುರುವಾದ ಕೂಡಲೇ ನೋಡಿಬಿಡಿ. ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣಕ್ಕೂ ಇದೇ ರೀತಿ: ಕಲಿಸುವುದನ್ನು ತಾಯಿಗೋ ಅಜ್ಜಿಗೋ ಮಾಡಿ ತೋರಿಸಿ, ಅವರ ಕೈಯಲ್ಲಿ ಒಮ್ಮೆ ಮಾಡಿಸಿಯೇ ಹೊರಡಿ.

ಶಾಲೆ ಬಿಡುವ ಮುನ್ನ ಹಾಜರಿ ಪುಸ್ತಕದೊಳಗೆ ಅರ್ಧ ಹಾಳೆ ಇಟ್ಟು ಬನ್ನಿ. ಮಗು ಕೂರುವ ಜಾಗ, ಈ ವಾರದ ಒಂದೇ ಒಂದು ಗುರಿ, ದಿನಕ್ಕೆ 10 ನಿಮಿಷದ ಒಂದು ಚಟುವಟಿಕೆ, ಕೆಳಗೆ ಸೋಮವಾರದಿಂದ ಶನಿವಾರದವರೆಗೆ ಆರು ಚೌಕ. ಮುಂದಿನ ಭೇಟಿಯಲ್ಲಿ ಮೊದಲು ಆ ಹಾಳೆ ತೆಗೆಯಿರಿ. ಚೌಕಗಳು ಖಾಲಿ ಇದ್ದರೆ ಶಿಕ್ಷಕರ ಮೇಲೆ ಬೇಸರ ಬೇಡ. ಮೂವತ್ತು ಮಕ್ಕಳ ನಡುವೆ ಆ ಚಟುವಟಿಕೆಗೆ ಎಲ್ಲಿ ತೊಡಕಾಯಿತೆಂದು ಕೇಳಿ, ಅಲ್ಲೇ ಕೂತು ಐದು ನಿಮಿಷಕ್ಕೆ ಇಳಿಸಿ ಬರೆದುಕೊಡಿ.