ಹೈಡ್ರೋಮೀಟರ್ ಮುಂದೆ ಒಂದು ಸಂಜೆ

ಜಯನಗರದ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಈ ಸಂಜೆ, ನಾನೇ ಹುದುಗಿಸುತ್ತಿರುವ ಬಿಯರಿನ ಸಾಂದ್ರತೆಯನ್ನು, ದ್ರವದಲ್ಲಿ ತೇಲುತ್ತಾ ಅದನ್ನು ತೋರಿಸುವ ಗಾಜಿನ ಹೈಡ್ರೋಮೀಟರಿನಿಂದ ಮೂರು ಬಾರಿ ಅಳೆದೆ, ಮೂರು ಬಾರಿಯೂ ಬೇರೆ ಬೇರೆ ಅಂಕಿ ಬಂತು. ಹುದುಗಿದ ದ್ರವದಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಸಣ್ಣ ಗುಳ್ಳೆಗಳಾಗಿ ಹೊರಬಂದು ಹೈಡ್ರೋಮೀಟರಿನ ಗಾಜಿಗೆ ಅಂಟಿಕೊಂಡು ಅದನ್ನು ಮೇಲಕ್ಕೆತ್ತುವುದರಿಂದ, ಅಳತೆ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಮಾದರಿಯನ್ನು, ಕಾಫಿ ಆರಿಸುವಂತೆ, ಎರಡು ಲೋಟಗಳ ನಡುವೆ ಹಲವು ಬಾರಿ ಎತ್ತಿ ಸುರಿದು, ನೊರೆ ಇಳಿದ ಮೇಲೆ ಹೈಡ್ರೋಮೀಟರನ್ನು ಮೆಲ್ಲನೆ ತಿರುಗಿಸಿ ಬಿಟ್ಟೆ. ಕಣ್ಣನ್ನು ದ್ರವದ ಮಟ್ಟಕ್ಕೇ ಇಳಿಸಿ, ಅಂಚಿನಲ್ಲಿ ಏರಿದ ವಕ್ರರೇಖೆಯ ತಳವನ್ನು ಓದಿದಾಗ, ನೀರನ್ನು 1.000 ಎಂದುಕೊಂಡ ಲೆಕ್ಕದಲ್ಲಿ, 1.010 ಸಿಕ್ಕಿತು.

ಉಷ್ಣತೆಯ ಲೆಕ್ಕ ಉಳಿದಿತ್ತು. ನನ್ನ ಉಪಕರಣವನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಲಾಗಿದೆ. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಮಾದರಿ 28 ಡಿಗ್ರಿ ಇದ್ದುದರಿಂದ ಸುಮಾರು 0.002 ಕೂಡಿಸಬೇಕಾಯಿತು, ಅಂದರೆ 1.012. ಬಿಸಿ ವರ್ಟ್‌ನಲ್ಲಿ, ಅಂದರೆ ಹುದುಗುವ ಮೊದಲಿನ ಸಿಹಿ ಮಾಲ್ಟ್ ರಸದಲ್ಲಿ, ಈ ವ್ಯತ್ಯಾಸ ಬಹಳ ದೊಡ್ಡದು: 60 ಡಿಗ್ರಿಯಲ್ಲಿ ಸುಮಾರು 0.015 ಕಡಿಮೆ ತೋರಿಸುತ್ತದೆ. ಅದಕ್ಕೇ ಮಾದರಿಯನ್ನು ತಣಿಸಿಯೇ ಅಳೆಯುವುದು ಲೇಸೆಂಬುದು ನನ್ನ ದೃಢ ಅಭಿಪ್ರಾಯ.

ಇಷ್ಟು ಸಣ್ಣ ಅಂಕಿಗಾಗಿ ಇಷ್ಟು ಹೊತ್ತು ಅಲುಗಾಡದೆ ಬಗ್ಗಿ ನಿಂತಿದ್ದಾಗ, ದಿನವಿಡೀ ಸಿಗದ ನೆಮ್ಮದಿ ಅಲ್ಲಿ ಸಿಕ್ಕಿತು.

ಸಕ್ಕರೆ ಆಲ್ಕೋಹಾಲ್ ಆದಂತೆ ಸಾಂದ್ರತೆ ಇಳಿಯುತ್ತದೆ; ಆರಂಭದ 1.050ರಿಂದ 1.012ಕ್ಕೆ ಇಳಿದಿರುವುದರಿಂದ ಆಲ್ಕೋಹಾಲ್ ಸುಮಾರು ಶೇಕಡಾ 5 ಆಗುತ್ತದೆ. ಆದರೂ ಹುದುಗುವಿಕೆ ಮುಗಿಯದೆ ತುಂಬಿದ ಬಾಟಲಿ ಒತ್ತಡಕ್ಕೆ ಸಿಡಿಯಬಹುದಾದ್ದರಿಂದ, ಎರಡು ದಿನ ಬಿಟ್ಟು ಮತ್ತೆ ಅಳೆದು, ಅದೇ ಅಂಕಿ ಬಂದರೆ ಮಾತ್ರ ತುಂಬುತ್ತೇನೆ.