ಜುಲೈ ಕೊನೆಗೆ ಲ್ಯಾವೆಂಡರ್ ನೋಡಲು ಪ್ರೊವಾನ್ಸ್‌ಗೆ ಹೊರಟವರು ಇದನ್ನು ಓದಿ ಹೋಗಿ

ಜುಲೈ ಎರಡನೇ ವಾರ ಕಳೆದ ಮೇಲೆ ದಕ್ಷಿಣ ಫ್ರಾನ್ಸಿನ ಲ್ಯಾವೆಂಡರ್ ಹೊಲ ನೋಡಲು ಹೊರಟಿದ್ದರೆ, ಅಲ್ಲಿನ ಲ್ಯಾವೆಂಡರ್ ಪ್ರಸ್ಥಭೂಮಿಯಾದ ವಲಾನ್ಸೋಲ್‌ನ ಹೆಸರಿರುವ ಯಾವ ಟೂರನ್ನೂ ಮುಂಗಡ ದುಡ್ಡು ಕೊಟ್ಟು ಬುಕ್ ಮಾಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಮ್ಮ, ಅಕ್ಕ, ನಾನು, ಮೂರೂ ಜನರ ದುಡ್ಡು ಹೋಗಿದ್ದು ಅಲ್ಲೇ.

ಎಕ್ಸ್-ಆನ್-ಪ್ರೊವಾನ್ಸ್ ಊರಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬಿಡುವ ವ್ಯಾನ್ ಟೂರ್ ಅದು. ತಲೆಗೆ 95 ಯೂರೋ. ಜುಲೈ ಪೂರ್ತಿ ಹೂವು ಭರ್ತಿ ಅರಳಿರುತ್ತೆ ಅಂತ ಬುಕಿಂಗ್ ಪುಟದಲ್ಲಿ ಬರೆದಿದ್ದರು. ನಮ್ಮ ತಾರೀಖು 20. ಅನುಮಾನ ಬಂದು ಹಿಂದಿನ ದಿನ ಅಕ್ಕ ಫೋನ್ ಮಾಡಿ ಕೇಳಿದಾಗಲೂ ‘ಹೂ ಇದೆ, ಆರಾಮಾಗಿ ಬನ್ನಿ’ ಅಂತಲೇ ಅಂದರು. ವ್ಯಾನಿನ ಹಿಂದಿನ ಸಾಲು ನಮ್ಮದು. ಅಲ್ಲಿಗೆ ಎ.ಸಿ. ಗಾಳಿ ತಲುಪುತ್ತಿರಲಿಲ್ಲ, ಕಿಟಕಿ ತೆಗೆಯಲು ಬರುತ್ತಿರಲಿಲ್ಲ, ಹೊರಗೆ ಸುಡು ಬಿಸಿಲು. ಅಮ್ಮನಿಗೆ ಮಂಡಿನೋವು, ಕಾಲು ಚಾಚಲೂ ಜಾಗವಿಲ್ಲ. ಹೇಳಿದರೆ ಚಾಲಕ ಕನ್ನಡಿಯಲ್ಲಿ ನೋಡಿ ತಲೆಯಾಡಿಸಿದ, ಅಷ್ಟೇ.

ಮನೋಸ್ಕ್ ದಾಟಿ ಪ್ರಸ್ಥಭೂಮಿ ಹತ್ತಿದ ಮೇಲೆ ಕಂಡಿದ್ದು ಕೊಯ್ಲು ಮುಗಿದ ಹೊಲಗಳು. ಗುಂಡಗೆ ಕತ್ತರಿಸಿದ ಬೂದುಹಸಿರು ಪೊದೆಗಳು, ನಡುವೆ ಕೆಂಪು ಮಣ್ಣು, ದೂರದಲ್ಲಿ ದೂಳೆಬ್ಬಿಸುತ್ತಾ ಹೋಗುವ ಟ್ರ್ಯಾಕ್ಟರ್. ಇಡೀ ರಸ್ತೆಯಲ್ಲಿ ನೇರಳೆ ಬಣ್ಣ ಉಳಿದಿದ್ದು ಒಂದು ಅಂಗಡಿಯ ಎದುರು ಕೊಯ್ಯದೇ ಬಿಟ್ಟ ನಾಲ್ಕು ಸಾಲಿನಲ್ಲಿ ಮಾತ್ರ. ಬಂದ ವ್ಯಾನುಗಳೆಲ್ಲಾ ಅಲ್ಲೇ ನಿಂತಿದ್ದವು. ಆ ನಾಲ್ಕು ಸಾಲಿನಲ್ಲಿ ಫೋಟೋಗೆ ಕಾಲು ಗಂಟೆ ಕೊಟ್ಟರು, ಸಾಬೂನು, ಎಣ್ಣೆ ಮಾರುವ ಆ ಅಂಗಡಿಯಲ್ಲಿ ಮುಕ್ಕಾಲು ಗಂಟೆ. ದುಡ್ಡು ವಾಪಸ್ ಕೇಳಿದ್ದಕ್ಕೆ, ಹೂವಿಗೆ ಗ್ಯಾರಂಟಿ ಇಲ್ಲ ಅಂತ ನಿಯಮಗಳ ಕೊನೆಯಲ್ಲಿ ಬರೆದಿದೆ ಅಂದರು. ಹೂವು ಯಾರ ಕೈಯಲ್ಲೂ ಇಲ್ಲ, ಒಪ್ಪುತ್ತೇನೆ. ಆದರೆ ಕೊಯ್ಲು ಮುಗಿದಿದೆ ಅನ್ನೋದು ಹಿಂದಿನ ದಿನ ಫೋನ್ ಎತ್ತಿದವರಿಗೆ ಗೊತ್ತಿರಲೇಬೇಕು. ಇದು ಮೋಸ, ಬೇರೆ ಹೆಸರು ಕೊಡಲು ನನಗೆ ಮನಸ್ಸಿಲ್ಲ.

ಯಾಕೆ ಹೀಗಾಗುತ್ತೆ ಅಂತ ಆಮೇಲೆ ವಿಚಾರಿಸಿದೆ. ಹೊರಡುವ ಮೊದಲೇ ಇಷ್ಟು ತಿಳಿದಿದ್ದರೆ ಯಾರೂ ನಿಮ್ಮನ್ನು ಏಮಾರಿಸಲಾರರು. ವಲಾನ್ಸೋಲ್ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 500–600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಬೆಳೆಯೋದು ಹೆಚ್ಚಾಗಿ ಲ್ಯಾವೆಂಡಿನ್. ಅಸಲಿ ಲ್ಯಾವೆಂಡರ್ ಮತ್ತು ಸ್ಪೈಕ್ ಲ್ಯಾವೆಂಡರ್ ಸೇರಿ ಹುಟ್ಟಿದ ಮಿಶ್ರತಳಿ ಅದು. ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಹಾಗಾಗಿ ಹೊಲದ ಅಷ್ಟೂ ಗಿಡ ಒಂದೇ ಎತ್ತರ, ಒಂದೇ ಬಣ್ಣ, ಫೋಟೋದಲ್ಲಿ ಬಹಳ ಚೆಂದ. ಜೂನ್ ಮಧ್ಯದಿಂದ ಬಣ್ಣ ಏರುತ್ತೆ, ಜುಲೈ ಮಧ್ಯದ ಹೊತ್ತಿಗೆ ಯಂತ್ರ ಇಳಿಯುತ್ತೆ. ದೊಡ್ಡ ದೊಡ್ಡ ಹೊಲವೂ ಒಂದೇ ದಿನದಲ್ಲಿ ಖಾಲಿ. ರೈತನಿಗೆ ಬೇಕಿರೋದು ಎಣ್ಣೆ; ಎಣ್ಣೆ ಇರುವುದು ಹೂವಿನಲ್ಲಿ. ನಮಗೋಸ್ಕರ ಅವನು ಕಾಯಬೇಕಿಲ್ಲ.

ಅಲ್ಲಿಂದ ವಾಯವ್ಯಕ್ಕೆ, ವಾಂತೂ ಬೆಟ್ಟದ ಮಗ್ಗುಲಲ್ಲಿರುವ ಸೋ ಊರು 760 ಮೀಟರ್ ಎತ್ತರದಲ್ಲಿದೆ. ಮ್ಯಾಪಿನಲ್ಲಿ ಹುಡುಕುವಾಗ ಎಚ್ಚರ, ಬರೆಯೋದು ಸಾಲ್ಟ್ ಅಂತ ಓದುವ ಹಾಗಿದೆ. ಅಲ್ಲಿ ತಂಪು ಹೆಚ್ಚು, ಅಸಲಿ ಲ್ಯಾವೆಂಡರ್ ಬೆಳೆಯುತ್ತಾರೆ, ಹೂವೂ ತಡ, ಕೊಯ್ಲೂ ತಡ. ಅಲ್ಲಿನ ಲ್ಯಾವೆಂಡರ್ ಹಬ್ಬ ನಡೆಯುವುದೇ ಆಗಸ್ಟ್ 15ಕ್ಕೆ. ವಲಾನ್ಸೋಲ್‌ನ ಹಬ್ಬ ಜುಲೈ ಮೂರನೇ ಭಾನುವಾರ. ಅಂದರೆ ಅಲ್ಲಿ ಹಬ್ಬದ ಹೊತ್ತಿಗೆ ಎಷ್ಟೋ ಹೊಲ ಬೋಳಾಗಿರುತ್ತೆ. ಹಬ್ಬದ ತಾರೀಖು ನೋಡಿ ಟಿಕೆಟ್ ಮಾಡಿಸಬೇಡಿ.

ಹೀಗಾಗಿ ನನ್ನ ಸಲಹೆ ಇಷ್ಟು. ಜೂನ್ 20ರಿಂದ ಜುಲೈ 10ರೊಳಗೆ ರಜೆ ಸಿಗುವವರು ವಲಾನ್ಸೋಲ್, ರಿಯೆಜ್, ಪ್ವಿಮ್ವಾಸೋಂ ಕಡೆ ಹೋಗಿ. ಅದಾದ ಮೇಲೆ ರಜೆ ಸಿಗುವವರು ನೇರವಾಗಿ ಸೋ ಕಡೆ ನಡೆಯಿರಿ, ತಿಂಗಳ ಕೊನೆಯವರೆಗೂ ಅಲ್ಲಿ ಏನಾದರೂ ಸಿಕ್ಕೇ ಸಿಗುತ್ತೆ. ಬಿಸಿಲು ಜಾಸ್ತಿಯಾದ ವರ್ಷ ಎರಡೂ ಕಡೆ ಕೊಯ್ಲು ಮುಂಚೆಯೇ ಶುರುವಾಗುತ್ತೆ. ಹೊರಡುವ ಮೊದಲು ಆ ಊರಿನ ಪ್ರವಾಸಿ ಕಚೇರಿಗೆ ಒಂದು ಇಮೇಲ್ ಹಾಕಿ, ಯಾವ ರಸ್ತೆಯ ಹೊಲ ಇನ್ನೂ ನಿಂತಿದೆ ಅಂತ ಕೇಳಿ. ನಮಗೆ ಇಂಗ್ಲಿಷಿನಲ್ಲೇ ಉತ್ತರ ಬಂತು, ಇದ್ದಿದ್ದನ್ನು ಇದ್ದ ಹಾಗೆ ಬರೆದಿದ್ದರು.

ಬೆಂಗಳೂರಿಂದ ಇಷ್ಟು ದೂರ ಬಂದು ಬೋಳು ಹೊಲ ನೋಡಿ ವಾಪಸ್ ಹೋಗಲು ಅಕ್ಕ ಒಪ್ಪಲಿಲ್ಲ. ಬಾಡಿಗೆ ಕಾರು ಹುಡುಕಿದೆವು. ಸೋ ಕಡೆಗೆ ಬಸ್ಸು ನಂಬಿ ಹೋಗುವಂತಿಲ್ಲ, ಕಾರು ಬೇಕೇ ಬೇಕು. ಫ್ರಾನ್ಸಿನಲ್ಲಿ ಬಾಡಿಗೆ ಕಾರು ಹೆಚ್ಚಾಗಿ ಗೇರಿನದು. ಆಟೋಮ್ಯಾಟಿಕ್ ಬೇಕಿದ್ದರೆ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿ, ದರವೂ ಹೆಚ್ಚು. ಡೆಪಾಸಿಟ್ ಹಿಡಿಯೋದು ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡಿನ ಮೇಲೆ. ಆರ್‌ಟಿಓದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡೇ ಹೊರಡಿ. ಪಂಪಿನಲ್ಲಿ ‘ಗಾಜೋಲ್’ ಅಂತ ಬರೆದಿದ್ದರೆ ಅದು ಡೀಸೆಲ್, ಪೆಟ್ರೋಲ್ ಕಾರಿಗೆ ಹಾಕಿಬಿಟ್ಟೀರಿ. ಹಳ್ಳಿಗಳ ಒಳಗೆ ಬೋರ್ಡು ಇಲ್ಲದ ಕೂಡುರಸ್ತೆಗಳಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು, ಅವರು ಸಣ್ಣ ಗಲ್ಲಿಯಿಂದ ಬಂದರೂ ಸರಿ.

ಆಪ್ಟ್ ದಾಟಿ ಬೆಟ್ಟದ ತಿರುವು ಹತ್ತಿ ಇಳಿಯುವಾಗ ಸೋ ಕೆಳಗಿನ ಬಯಲು ಕಾಣಿಸಿತು. ಪಚ್ಚೆ, ಹೊಂಬಣ್ಣದ ಗೋಧಿ, ನಡುನಡುವೆ ನೇರಳೆ ಪಟ್ಟೆ. ವಲಾನ್ಸೋಲ್ ಫೋಟೋಗಳ ಹಾಗೆ ಕಣ್ಣು ಹಾಯುವಷ್ಟು ದೂರ ಒಂದೇ ಬಣ್ಣ ಇಲ್ಲಿಲ್ಲ, ಸಣ್ಣ ಸಣ್ಣ ಹೊಲಗಳು. ಬೀಜ ಬಿತ್ತಿ ಬೆಳೆದ ಹೊಲವಾದರೆ ಒಂದೇ ಸಾಲಿನಲ್ಲಿ ಒಂದು ಗಿಡ ಗಾಢ ನೀಲಿ, ಪಕ್ಕದ್ದು ತಿಳಿ ನೇರಳೆ, ಅದರಾಚೆಯದು ಹೆಚ್ಚುಕಡಿಮೆ ಗುಲಾಬಿ. ನನಗೆ ಇದೇ ಹೆಚ್ಚು ಹಿಡಿಸಿತು. ಹತ್ತಿರ ಹೋಗಿ ನೋಡಿದರೆ ಒಂದು ದಂಟಿಗೆ ಒಂದೇ ತೆನೆ; ಲ್ಯಾವೆಂಡಿನ್ ದಂಟು ಉದ್ದ, ಅದರ ಪಕ್ಕಕ್ಕೆ ಇನ್ನೆರಡು ಪುಟ್ಟ ತೆನೆ ಕವಲೊಡೆದಿರುತ್ತೆ. ಹಿಂದಿನ ದಿನ ಅಂಗಡಿ ಮುಂದೆ ಬಿದ್ದಿದ್ದ ಒಂದು ದಂಟನ್ನು ಅಮ್ಮ ಪರ್ಸಿನಲ್ಲಿ ಇಟ್ಟುಕೊಂಡಿದ್ದಳು. ಎರಡನ್ನೂ ಅಂಗೈಯಲ್ಲಿ ಉಜ್ಜಿ ಮೂಸಿದಾಗ ಅದರಲ್ಲಿ ಕರ್ಪೂರದ ಘಾಟು, ಇದರಲ್ಲಿ ಘಾಟೇ ಇಲ್ಲ, ಸಣ್ಣಗೆ ಸಿಹಿ ವಾಸನೆ. ಲ್ಯಾವೆಂಡಿನ್‌ನಲ್ಲಿ ಕರ್ಪೂರದ ಅಂಶ ನಿಜವಾಗಿಯೂ ಹೆಚ್ಚು. ಸಾಬೂನು, ಬಟ್ಟೆ ಒಗೆಯುವ ಪುಡಿಗೆ ಹೋಗೋದು ಹೆಚ್ಚಾಗಿ ಅದರ ಎಣ್ಣೆಯೇ.

ಊರ ಕೆಳಗಿನಿಂದ ಹೊಲಗಳ ನಡುವೆ ನಡೆಯಲು ಲ್ಯಾವೆಂಡರ್ ದಾರಿ ಅಂತ ಒಂದು ಕಾಲುದಾರಿ ಮಾಡಿದ್ದಾರೆ. ಚಪ್ಪಟೆ ನೆಲ, ಅಮ್ಮ ಅರ್ಧದವರೆಗೆ ಬಂದಳು. ಬೆಳಿಗ್ಗೆ ಎಂಟಕ್ಕೆ ಮುಂಚೆ ಹೋಗಿ, ಇಲ್ಲವೇ ಸಂಜೆ ಏಳರ ಮೇಲೆ. ಜುಲೈನಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೆ ಬೆಳಕಿರುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ಹೂವಿನ ಬಣ್ಣವೂ ತೆಳುವಾಗಿ ಕಾಣುತ್ತೆ, ಜನರೂ ಜಾಸ್ತಿ. ಸಾಲುಗಳ ಮಧ್ಯೆ ಜೇನುನೊಣ ಗುಂಯ್ ಅನ್ನುತ್ತಿರುತ್ತವೆ, ಅವುಗಳ ಪಾಡಿಗೆ ಬಿಟ್ಟರೆ ಏನೂ ಮಾಡವು. ದಯವಿಟ್ಟು ಗಿಡಗಳ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಬೇಡಿ, ಹೂ ಕೀಳಬೇಡಿ. ಜಿಗಿಹುಳು ಹರಡುವ ಒಂದು ರೋಗದಿಂದ ಈ ಭಾಗದ ಗಿಡಗಳು ಎಷ್ಟೋ ವರ್ಷಗಳಿಂದ ಒಣಗುತ್ತಿವೆ. ರೈತರು ಮೊದಲೇ ಪೆಟ್ಟು ತಿಂದವರು, ಅವರ ಬೆಳೆ ಅದು.

ಈಗ ಊಟದ ವಿಷಯ, ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಸೋ ಊರಿನಲ್ಲಿ ಬಯಲು ಕಾಣುವ ಕಟ್ಟೆಯ ಮೇಲಿನ ಹೋಟೆಲುಗಳಿಗೆ ಹೋಗಬೇಡಿ, ಅಲ್ಲಿ ನೋಟಕ್ಕೂ ಸೇರಿಸಿ ಬಿಲ್ಲು. ಹಿಂದಿನ ಗಲ್ಲಿಗಳಿಗೆ ನುಗ್ಗಿ. ಚರ್ಚಿನಿಂದ ಸ್ವಲ್ಪ ಮುಂದೆ, ಕಲ್ಲುಗೋಡೆಯ ನೆರಳಲ್ಲಿ ನಾಲ್ಕೈದು ಮೇಜು ಹಾಕಿದ ಒಂದು ಪುಟ್ಟ ಜಾಗ ನಮಗೆ ಸಿಕ್ಕಿತು. ಅಡುಗೆ ಮಾಡೋರು, ಬಡಿಸೋರು, ದುಡ್ಡು ಎಣಿಸೋರು ಎಲ್ಲಾ ಒಬ್ಬರೇ ಹೆಂಗಸು. ಮೆನು ಕಾರ್ಡೇ ಇಲ್ಲ, ಸ್ಲೇಟಿನ ಮೇಲೆ ಆ ದಿನದ ಎರಡು ಅಡುಗೆ ಬರೆದಿದ್ದರು. ಒಂದು ಪಿಸ್ತು ಸೂಪ್: ಹಸಿ ಹುರುಳಿಕಾಯಿ, ಬಿಳಿ ಬೀನ್ಸ್ ಕಾಳು, ಜುಕಿನಿ, ಟೊಮ್ಯಾಟೊ ಮೆತ್ತಗೆ ಬೆಂದು, ಮೇಲೆ ತುಳಸಿ ಜಾತಿಯ ಬೇಸಿಲ್ ಎಲೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಹಾಕಿ ಕುಟ್ಟಿದ ಹಸಿರು ಚಟ್ನಿ. ಆ ಚಟ್ನಿಯನ್ನು ಕೊನೆಯಲ್ಲಿ, ತಟ್ಟೆಯಲ್ಲೇ ಕಲಸಿಕೊಳ್ಳಬೇಕು. ಬಿಸಿ ತಾಗಿದ ಕೂಡಲೇ ಬೆಳ್ಳುಳ್ಳಿ ಘಮ್ಮೆನ್ನುತ್ತೆ. ಇನ್ನೊಂದು, ಬೇಯಿಸಿದ ಗೋಧಿಕಾಳಿನ ಮೇಲೆ ಸುಟ್ಟ ಬದನೆ ಮತ್ತು ಮೇಕೆ ಚೀಸು.

ಆ ಗೋಧಿಯನ್ನು ಬಾಯಿಗಿಟ್ಟುಕೊಂಡ ಅಮ್ಮ ‘ಇದು ನಮ್ಮ ಜವಿಗೋಧಿ ಇದ್ದಂಗ ಐತಲ್ಲೋ’ ಅಂದಳು. ನಮ್ಮದು ಧಾರವಾಡದ ಕಡೆ, ಜವೆಗೋಧಿ ಹುಗ್ಗಿ ತಿಂದು ಬೆಳೆದ ಬಾಯಿ ಅವಳದು, ಮೋಸ ಹೋಗಲಿಲ್ಲ. ಸೋ ಸುತ್ತಮುತ್ತ ಬೆಳೆಯುವ ಪೆತಿ ಎಪೋತ್ರ್ ಅನ್ನುವ ಹಳೇ ಗೋಧಿ ಅದು, ಹೊಟ್ಟು ಬಿಡದ ಜಾತಿ, ಜವೆಗೋಧಿಗೆ ಹತ್ತಿರದ ನೆಂಟ. ಅಗಿದರೆ ಅದೇ ಗಟ್ಟಿತನ, ಅದೇ ಸಣ್ಣ ಸಿಹಿ. ಅಮ್ಮನ ಮುಖ ನೋಡಿ ಆ ಹೆಂಗಸು ಒಳಗಿಂದ ಗಾಜಿನ ಭರಣಿ ತಂದು ಕಾಳು ಅಂಗೈಗೆ ಹಾಕಿದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ, ಎಷ್ಟು ಹೊತ್ತು ನೆನೆಸಬೇಕು ಅನ್ನೋದನ್ನು ಬೆರಳಲ್ಲೇ ಮಾತಾಡಿಕೊಂಡರು. ಒಂದು ತಟ್ಟೆ 13 ಯೂರೋ, ಬ್ರೆಡ್ಡು ಬೇಕಾದಷ್ಟು, ನಲ್ಲಿ ನೀರು ಹೂಜಿಯಲ್ಲಿ ಪುಕ್ಕಟೆ. ಊಟದ ಜೊತೆ ನಲ್ಲಿ ನೀರು ಕೇಳಿದರೆ ಫ್ರಾನ್ಸಿನಲ್ಲಿ ಎಲ್ಲರೂ ಕೊಡಲೇಬೇಕು, ‘ಕರಾಫ್ ದೋ’ ಅನ್ನಿ, ಬಾಟಲಿ ನೀರಿಗೆ ದುಡ್ಡು ಸುರಿಯಬೇಡಿ. ಮರುದಿನವೂ ಅಲ್ಲಿಗೇ ಹೋದೆವು.

ಸಸ್ಯಾಹಾರಿಗಳಿಗೆ ಎರಡು ಮಾತು. ಪಿಸ್ತು ಸೂಪಿಗೆ ಕೆಲವು ಕಡೆ ಹಂದಿಮಾಂಸದ ಚೂರು ಹಾಕುತ್ತಾರೆ, ಸಲಾಡಿಗೂ ಉದುರಿಸುತ್ತಾರೆ. ‘ಸಾನ್ ವಿಯಾಂದ್, ಸಾನ್ ಪ್ವಾಸೋಂ’ ಅಂದರೆ ಮಾಂಸ ಬೇಡ, ಮೀನು ಬೇಡ. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಮಾರ್ಸೇ ಕಡೆ ಹೋದರೆ ಪಾನಿಸ್ ತಿನ್ನಿ, ಕಡಲೆಹಿಟ್ಟನ್ನು ಗಟ್ಟಿಯಾಗಿ ಕಾಯಿಸಿ, ಆರಿಸಿ, ಹೋಳು ಮಾಡಿ ಕರಿದದ್ದು. ಮಧ್ಯಾಹ್ನ ಎರಡಕ್ಕೆ ಹಳ್ಳಿ ಹೋಟೆಲುಗಳ ಒಲೆ ಆರುತ್ತೆ, ಆಮೇಲೆ ಏಳರವರೆಗೆ ಕೇಳಿದರೂ ಸಿಗುವುದಿಲ್ಲ. ತಡವಾದವರಿಗೆ ಬೇಕರಿಯೇ ಗತಿ. ರಾತ್ರಿಗೆ ಸೌದೆ ಒಲೆ ಇಟ್ಟುಕೊಂಡ ಪಿಜ್ಜಾ ಗಾಡಿಗಳು ಊರ ಚೌಕದಲ್ಲಿ ನಿಲ್ಲುತ್ತವೆ, ಅಗ್ಗ, ಬಿಸಿ, ನಮಗೆ ಬೇಕಾದ ಹಾಗೆ ಮಾಡಿಕೊಡುತ್ತಾರೆ.

ಉಳಿದುಕೊಳ್ಳಲು ವಲಾನ್ಸೋಲ್ ಊರಿನೊಳಗೆ ಕೋಣೆ ತೆಗೆದುಕೊಳ್ಳಬೇಡಿ. ರಾತ್ರಿಗೆ 160 ಯೂರೋ ಕೊಟ್ಟ ನಮ್ಮ ಕೋಣೆಯಲ್ಲಿ ಎ.ಸಿ. ಇರಲಿಲ್ಲ, ಇದ್ದಿದ್ದು ಒಂದು ಮೇಜಿನ ಫ್ಯಾನು, ಅದೂ ಮೂರು ಜನಕ್ಕೆ. ಗ್ರೆಯೂ-ಲೆ-ಬ್ಯಾಂ ಬಿಸಿನೀರ ಸ್ನಾನಕ್ಕೆ ಹೆಸರಾದ ಊರು, ಹೋಟೆಲುಗಳು ಬಹಳ, ಅಲ್ಲಿಂದ ಪ್ರಸ್ಥಭೂಮಿಗೆ ಕಾರಿನಲ್ಲಿ ಹತ್ತಿರ. ಸೋ ಕಡೆ ಹೋಗುವವರಿಗೆ ಆಪ್ಟ್ ಒಳ್ಳೆಯದು.

ಗೋರ್ಡ್ ಹತ್ತಿರದ ಸೆನಾಂಕ್ ಮಠದ ಚಿತ್ರ ಎಲ್ಲ ಕ್ಯಾಲೆಂಡರಿನಲ್ಲೂ ಇದೆ: 1148ರಲ್ಲಿ ಸ್ಥಾಪನೆಯಾದ ಮಠ, ಮುಂದೆ ಲ್ಯಾವೆಂಡರ್. ಸನ್ಯಾಸಿಗಳು ಈಗಲೂ ಅಲ್ಲೇ ಇದ್ದಾರೆ. ಕಟ್ಟಡ ಮನಸ್ಸು ತುಂಬುತ್ತೆ, ಆದರೆ ಹೊಲ ಚಿಕ್ಕದು, ಬೇಲಿಯಾಚೆ ನಿಂತು ನೋಡಬೇಕು, ಹತ್ತು ಗಂಟೆಗೆ ಹೆಗಲಿಗೆ ಹೆಗಲು ತಾಗುವಷ್ಟು ಜನ. ನೂಕುನುಗ್ಗಲು ನನಗೆ ಆಗದು, ಅರ್ಧ ಗಂಟೆಯಲ್ಲಿ ಹೊರಬಿದ್ದೆ. ಶಿಲ್ಪ, ಇತಿಹಾಸ ಇಷ್ಟವಿದ್ದವರು ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ.

ಎಣ್ಣೆ ಕೊಳ್ಳುವಾಗ ಲೇಬಲ್ ಓದಿ. ಅಸಲಿ ಲ್ಯಾವೆಂಡರಿನದಾದರೆ ‘ಲವಾಂಡುಲಾ ಅಂಗುಸ್ಟಿಫೋಲಿಯಾ’ ಅಂತ ಸಸ್ಯದ ಹೆಸರು ಇರಬೇಕು. ಒಂದು ಕಿಲೋ ಎಣ್ಣೆಗೆ ಅಸಲಿಯ ಹೂವು ನೂರು ಕಿಲೋ ದಾಟಿ ಬೇಕು, ಲ್ಯಾವೆಂಡಿನ್ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಎರಡಕ್ಕೂ ಒಂದೇ ಬೆಲೆ ಹೇಳುವ ಅಂಗಡಿಯಿಂದ ಎದ್ದು ಬನ್ನಿ. ಓತ್-ಪ್ರೊವಾನ್ಸ್ ಲ್ಯಾವೆಂಡರ್ ಎಣ್ಣೆಗೆ 1981ರಿಂದ ಮೂಲಸ್ಥಾನದ ಅಧಿಕೃತ ಮುದ್ರೆ ಇದೆ, ಅದು ಇದ್ದರೆ ಧೈರ್ಯವಾಗಿ ಕೊಳ್ಳಿ. ಬಾಟಲಿ 100 ಮಿಲಿಗಿಂತ ದೊಡ್ಡದಾದರೆ ಚೆಕ್-ಇನ್ ಲಗೇಜಿಗೆ ಹಾಕಿ.

ವೀಸಾಕ್ಕೆ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. ಬೇಸಿಗೆ ರಜೆಯ ಹೊತ್ತಿಗೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಫೆಬ್ರವರಿಯಲ್ಲೇ ಕೈಹಚ್ಚಿ. ಸಾಧ್ಯವಾದರೆ ಸೋ ಊರಿಗೆ ಮಂಗಳವಾರ ರಾತ್ರಿಯೇ ತಲುಪುವ ಹಾಗೆ ನೋಡಿಕೊಳ್ಳಿ. 1515ರಿಂದ ನಡೆದುಬಂದ ಸಂತೆ ಬುಧವಾರ ಬೆಳಿಗ್ಗೆ ಕೂರುತ್ತೆ. ರೈತರೇ ತಂದ ಎಣ್ಣೆ, ಜೇನು, ಆ ಗೋಧಿ ಎಲ್ಲಾ ಅಂಗಡಿಗಿಂತ ಕಡಿಮೆಗೆ ಸಿಗುತ್ತೆ. ಒಂಬತ್ತಕ್ಕೆ ಮೊದಲೇ ಕಾರನ್ನು ಊರ ಹೊರಗೆ ನಿಲ್ಲಿಸಿ ನಡೆದು ಹೋಗಿ, ಹತ್ತರ ಮೇಲೆ ಒಳಗೆ ಒಂದು ಗಾಡಿಗೂ ಜಾಗ ಇರುವುದಿಲ್ಲ.